ಬಾವಿಯಲ್ಲಿ ಬಿದ್ದಿದ್ದ ನ್ಯಾಮತಿ ಬಂಗಾರ ಸವೆಯಲಿಲ್ಲ ಯಾಕೆ?

ನ್ಯಾಮತಿ: "ಅಷ್ಟು ದಿನ ಬಾವಿ ನೀರಾಗೆ ಬಿದ್ದಿದ್ರೆ ಬಂಗಾರ ಸವೆಯಲ್ವೇನೋ?"

2025ರ ಮಾರ್ಚ್ 31ರಂದು ಟಿವಿ ಮುಂದೆ ಕೂತು ನಮ್ಮಮ್ಮ ಕೇಳಿದ ಪ್ರಶ್ನೆ ಇದು. ನಮ್ಮೂರಿನ ಎಸ್‌ಬಿಐ ಶಾಖೆಯಿಂದ ಕಳುವಾಗಿದ್ದ ಬಂಗಾರ ಸಿಕ್ಕಿದೆ ಅಂತ ಪೊಲೀಸರು ಹೇಳಿದ ದಿನ ಅದು. ಮರುದಿನ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗಲೂ ಇದೇ ಮಾತು. ಕಿರಾಣಿ ಅಂಗಡಿಯ ಯಜಮಾನರೊಬ್ಬರು "ತೂಕ ಕಮ್ಮಿ ಆಗಿರ್ತದೆ ನೋಡ್ರಿ" ಅಂದರು. ಪಕ್ಕದವರು "ಬಂಗಾರಕ್ಕೆ ಏನೂ ಆಗಲ್ಲ ಬಿಡ್ರಿ" ಅಂದರು. ಯಾಕೆ ಆಗಲ್ಲ ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇಲ್ಲ. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಆದರೆ ಕೆಮಿಸ್ಟ್ರಿ ಪುಸ್ತಕ ರದ್ದಿಗೆ ಹಾಕಿರಲಿಲ್ಲ. ಅದನ್ನು ತೆಗೆದು ಕೂತೆ.

ಮೊದಲು ಪ್ರಕರಣ ನೆನಪು ಮಾಡಿಕೊಳ್ಳೋಣ. 2024ರ ಅಕ್ಟೋಬರ್ ಕೊನೆ ವಾರ, ನಾಲ್ಕನೇ ಶನಿವಾರ, ಭಾನುವಾರ ಎರಡು ದಿನ ಬ್ಯಾಂಕ್ ರಜೆ. ಸೋಮವಾರ, 28ನೇ ತಾರೀಕು ಬಾಗಿಲು ತೆಗೆದಾಗ ಲಾಕರ್ ಕೊರೆದಿರುವುದು ಗೊತ್ತಾಯಿತು. ಹೋಗಿದ್ದು ಸುಮಾರು 17.7 ಕೆ.ಜಿ. ಬಂಗಾರ, ಬೆಲೆ ಸುಮಾರು 13 ಕೋಟಿ ರೂಪಾಯಿ. ಅದೆಲ್ಲ ಸಾಲಕ್ಕೆ ಅಡ ಇಟ್ಟಿದ್ದ ಜನರ ಒಡವೆ. ಸುಮಾರು ಐದು ತಿಂಗಳ ಮೇಲೆ ಆರು ಜನರ ಬಂಧನ ಆಯಿತು. ಊರಲ್ಲೇ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದವರು ಪ್ರಮುಖ ಆರೋಪಿ, ಕೇಳಿದ ಸಾಲ ಬ್ಯಾಂಕ್ ಕೊಡಲಿಲ್ಲ ಅನ್ನೋದು ಕಾರಣ, 'ಮನಿ ಹೈಸ್ಟ್' ಸೀರೀಸ್ ಮತ್ತು ಯೂಟ್ಯೂಬ್ ವಿಡಿಯೋ ನೋಡಿ ಪ್ಲಾನ್ ಮಾಡಿದ್ದರು ಅನ್ನೋದು ಪೊಲೀಸರು ಹೇಳಿದ ಮಾತು. ತಪ್ಪು ಯಾರದ್ದು ಅಂತ ತೀರ್ಮಾನ ಮಾಡೋದು ಕೋರ್ಟ್ ಕೆಲಸ. ಬಂಗಾರದ ಹೆಚ್ಚಿನ ಪಾಲು ಸಿಕ್ಕಿದ್ದು ತಮಿಳುನಾಡಿನ ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ 30 ಅಡಿ ಆಳದ ಬಾವಿಯಲ್ಲಿ.

ಈ ಪ್ರಕರಣದಲ್ಲಿ ವಿಜ್ಞಾನದ ದೃಷ್ಟಿಯಿಂದ ಮೂರು ವಸ್ತು ಇವೆ: ಗ್ಯಾಸ್ ಕಟರ್, ಖಾರದ ಪುಡಿ, ಬಾವಿ ನೀರು. ಬಾವಿಯ ಪ್ರಶ್ನೆಗೆ ಉತ್ತರ ಗ್ಯಾಸ್ ಕಟರ್ ಕಡೆಯಿಂದ ಶುರು ಮಾಡಿದರೆ ಸಲೀಸು.

ವೆಲ್ಡಿಂಗ್ ಶಾಪ್‌ನಲ್ಲಿ ದಪ್ಪ ಕಬ್ಬಿಣ ಕತ್ತರಿಸೋದನ್ನು ನೀವು ನೋಡಿರ್ತೀರಿ. ಎರಡು ಸಿಲಿಂಡರ್ ಇರ್ತವೆ. ಒಂದರಲ್ಲಿ ಉರಿಯುವ ಗ್ಯಾಸ್, ಇನ್ನೊಂದರಲ್ಲಿ ಆಮ್ಲಜನಕ, ಅಂದರೆ ಆಕ್ಸಿಜನ್. ಬೆಂಕಿಯ ಕಾವಿಗೆ ಕಬ್ಬಿಣ ಕರಗಿ ತುಂಡಾಗ್ತದೆ ಅಂತಲೇ ನಾನೂ ತಿಳಿದಿದ್ದೆ. ಅದು ಪೂರ್ತಿ ನಿಜ ಅಲ್ಲ. ಬೆಂಕಿಯ ಕೆಲಸ ಕಬ್ಬಿಣವನ್ನು ಚೆನ್ನಾಗಿ ಕೆಂಪಗೆ ಮಾಡೋದು, ಅಷ್ಟೇ. ಆಮೇಲೆ ಅದರ ಮೇಲೆ ಜೋರಾಗಿ ಆಕ್ಸಿಜನ್ ಹಾಯಿಸಿದಾಗ ಕಬ್ಬಿಣ ತಾನೇ ಸೌದೆ ಥರ ಹೊತ್ತಿಕೊಂಡು ಉರೀತದೆ. ಕೆಳಗೆ ಸಿಡಿಯುವ ಕಿಡಿಗಳು ಉರಿದ ಕಬ್ಬಿಣದ ಬೂದಿ ಇದ್ದಂಗೆ.

ಮಳೆಗಾಲದಲ್ಲಿ ಹೊರಗೆ ಬಿಟ್ಟ ಗುದ್ದಲಿಗೆ ತುಕ್ಕು ಹಿಡಿಯೋದೂ ಬಹುಪಾಲು ಇದೇ ಕೆಲಸ. ಅಲ್ಲಿ ನೀರಿನ ನೆರವು ಪಡೆದು ಆಕ್ಸಿಜನ್ ಕಬ್ಬಿಣವನ್ನು ತಿಂಗಳುಗಟ್ಟಲೆ ನಿಧಾನಕ್ಕೆ ತಿನ್ನುತ್ತದೆ, ಇಲ್ಲಿ ನಿಮಿಷಗಳಲ್ಲಿ ತಿಂದು ಮುಗಿಸ್ತದೆ.

ಅಂದರೆ ಸ್ಟ್ರಾಂಗ್ ರೂಮಿನ ಕಬ್ಬಿಣ ಸೋತಿದ್ದು ಆಕ್ಸಿಜನ್‌ಗೆ. ಅದೇ ಆಕ್ಸಿಜನ್ ಬಾವಿ ನೀರಲ್ಲೂ ಕರಗಿರ್ತದೆ. ಇಲ್ಲದಿದ್ದರೆ ಬಾವಿಯಲ್ಲಿ ಮೀನು ಬದುಕ್ತಿರಲಿಲ್ಲ. ಆ ಬಾವಿಗೆ ಕಬ್ಬಿಣದ ಸಾಮಾನು ಹಾಕಿದ್ದರೆ ತೆಗೆಯುವಾಗ ಕೆಂಪಗೆ ತುಕ್ಕು ಹಿಡಿದಿರುತ್ತಿತ್ತು. ಬಂಗಾರದ ಮುಂದೆ ಮಾತ್ರ ಆಕ್ಸಿಜನ್‌ನ ಆಟ ನಡೆಯಲ್ಲ.

ಕಾರಣ ಇಷ್ಟು. ಒಂದು ಲೋಹಕ್ಕೆ ತುಕ್ಕು ಹಿಡೀಬೇಕು ಅಂದರೆ ಅದು ತನ್ನ ಎಲೆಕ್ಟ್ರಾನುಗಳನ್ನು ಆಕ್ಸಿಜನ್‌ಗೆ ಬಿಟ್ಟುಕೊಡಬೇಕು. ಕಬ್ಬಿಣ ಸುಲಭವಾಗಿ ಕೊಡ್ತದೆ. ತಾಮ್ರ ಸ್ವಲ್ಪ ಸತಾಯಿಸಿ ಕೊಡ್ತದೆ, ಅದಕ್ಕೇ ತಾಮ್ರದ ಚೊಂಬು ವಾರಕ್ಕೊಮ್ಮೆ ಹುಣಸೆಹಣ್ಣು ಕೇಳ್ತದೆ. ಬಂಗಾರದ ಪರಮಾಣುವಿನ ನಡುವೆ 79 ಪ್ರೋಟಾನುಗಳಿವೆ, ಅವು ಹೊರಗಿನ ಎಲೆಕ್ಟ್ರಾನನ್ನು ಗಟ್ಟಿಯಾಗಿ ಹಿಡಿದುಕೊಂಡಿರ್ತವೆ. ಆಕ್ಸಿಜನ್ ಬಂದು ಕೇಳಿದರೂ ಕೊಡಲ್ಲ. ಬಂಗಾರವನ್ನು 1064 ಡಿಗ್ರಿಗೆ ಕಾಯಿಸಿದರೆ ಕರಗಿ ನೀರಾಗ್ತದೆ, ಆರಿದ ಮೇಲೆ ಮತ್ತೆ ಅಷ್ಟೇ ಬಂಗಾರ. ಅಕ್ಕಸಾಲಿಗರ ಕುಲುಮೆಯಲ್ಲಿ ದಿನಾ ನಡೆಯೋದೂ ಇದೇ.

ಇದಕ್ಕೆ ದೊಡ್ಡ ಸಾಕ್ಷಿ ಬೇಕಾದರೆ ಉಸಿಲಂಪಟ್ಟಿವರೆಗೆ ಹೋಗಬೇಕಿಲ್ಲ. ಹೊನ್ನಾಳಿ ಅನ್ನೋ ಹೆಸರಲ್ಲೇ ಹೊನ್ನು ಇದೆ. ಹೆಸರು ಅದರಿಂದಲೇ ಬಂತಾ ಅನ್ನೋ ಚರ್ಚೆ ಪಂಡಿತರಿಗೆ ಬಿಡೋಣ, ಆದರೆ ಭೂವಿಜ್ಞಾನಿಗಳ ಲೆಕ್ಕದಲ್ಲಿ 'ಹೊನ್ನಾಳಿ ಚಿನ್ನದ ಪ್ರದೇಶ' ಅನ್ನೋದು ನಿಜಕ್ಕೂ ಇದೆ. ನಮ್ಮ ಸುತ್ತಿನ ಕುದುರೆಕೊಂಡ, ಪಲವನಹಳ್ಳಿ ಹೆಸರುಗಳು ಅದರಲ್ಲಿ ಬರ್ತವೆ. ಈ ಭಾಗದ ಧಾರವಾಡ ಶಿಲೆಗಳ ಬಿರುಕಲ್ಲಿ ಬಿಳಿಕಲ್ಲಿನ ಜೊತೆ ಬಂಗಾರ ಸೇರಿಕೊಂಡು ಸುಮಾರು 250 ಕೋಟಿ ವರ್ಷ ಆಗಿದೆ. ಅಷ್ಟು ಕಾಲ ಎಷ್ಟು ಮಳೆ ನೀರು, ಎಷ್ಟು ಅಂತರ್ಜಲ ಅದರ ಮೇಲೆ ಹರಿದಿರಬೇಕು ಲೆಕ್ಕ ಹಾಕಿ. ಕಬ್ಬಿಣದ ಅದಿರು ತೆಗೆದರೆ ತುಕ್ಕಿನ ರೂಪದಲ್ಲೇ ಸಿಗ್ತದೆ, ಅದಕ್ಕೇ ನಮ್ಮ ಕಡೆ ಮಣ್ಣು ಕೆಂಪು. ಬಂಗಾರ ಮಾತ್ರ ಕಲ್ಲಿನೊಳಗೂ ಬಂಗಾರವಾಗೇ ಸಿಗ್ತದೆ. ಅಂಥದ್ದಕ್ಕೆ ಬಾವಿಯ ಕೆಲವು ತಿಂಗಳು ಯಾವ ಲೆಕ್ಕ?

ಇಷ್ಟು ಹೇಳಿದ ಮೇಲೆ ಅಮ್ಮ ಇನ್ನೊಂದು ಎತ್ತಿದರು. "ನಮ್ಮ ಒಡವೆ ಪೂರ್ತಿ ಬಂಗಾರ ಅಲ್ವಲ್ಲ, ತಾಮ್ರ ಸೇರಿಸಿರ್ತಾರಲ್ಲ?"

ಸರಿಯಾದ ಪ್ರಶ್ನೆ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಭಾಗ ಬಂಗಾರ, 916 ಅನ್ನೋದು ಅದೇ. ಉಳಿದಿದ್ದು ತಾಮ್ರ, ಬೆಳ್ಳಿ. ಬರೀ ಬಂಗಾರ ತುಂಬಾ ಮೆತ್ತಗೆ, ಕೈಯಲ್ಲೇ ಬಾಗ್ತದೆ, ಅದಕ್ಕೇ ಈ ಬೆರಕೆ. ಆ ತಾಮ್ರ, ಬೆಳ್ಳಿ ಮೇಲ್ಮೈಯಲ್ಲಿ ಒಂಚೂರು ಕಪ್ಪಾಗಬಹುದು, ಅದೂ ಬೆಸುಗೆ ಹಾಕಿದ ಜಾಗದಲ್ಲಿ ಜಾಸ್ತಿ. ಹೊಳಪು ಮಾಸಬಹುದು. ಸಂದಿಯಲ್ಲಿ ಕೆಸರು ಕೂತಿರಬಹುದು. ಅಂಟುವಾಳದ ನೀರಲ್ಲಿ ನೆನೆಸಿ ಮೆತ್ತನೆ ಬ್ರಷ್‌ನಲ್ಲಿ ತೊಳೆದರೆ ಹೋಗ್ತದೆ. ಒಳಗಿನ ತಾಮ್ರ ಬಂಗಾರದ ಜೊತೆ ಬೆರೆತು ಕೂತಿರೋದರಿಂದ ನೀರು ಅದನ್ನು ಹೊರಗೆಳೆಯೋಕೆ ಆಗಲ್ಲ. ತೊಂದರೆ ಆಗೋದು ಬಂಗಾರದ ಜೊತೆಗಿರೋ ಸಾಮಾನಿಗೆ: ಕರಿಮಣಿ ಪೋಣಿಸಿದ ದಾರ ಕೊಳೀತದೆ, ಅಂಟಿಸಿದ ಹರಳು ಉದುರ್ತದೆ. ಅರಗು ತುಂಬಿದ ಗುಂಡು, ಬಳೆಯಲ್ಲಿ ಸಣ್ಣ ತೂತಿದ್ದರೆ ಒಳಗೆ ನೀರು ಸೇರಿ ಉಲ್ಟಾ ತೂಕ ಜಾಸ್ತಿ ತೋರಿಸಬಹುದು, ಒಣಗಿಸಿ ತೂಗಬೇಕು.

ಹಾಗಾದರೆ ಬಂಗಾರ ಸವೆಯೋದೇ ಇಲ್ವಾ? ಸವೀತದೆ. ನೀರಿಗಲ್ಲ, ಉಜ್ಜಿದ್ದಕ್ಕೆ. ಸರದ ಕೊಂಡಿ ಕೊಂಡಿಗೆ ತಿಕ್ಕಿ, ರವಿಕೆಗೆ ತಿಕ್ಕಿ, ಬಟ್ಟೆ ಒಗೆಯುವಾಗ ಬಳೆ ಕಲ್ಲಿಗೆ ತಗುಲಿ ದಿನಾ ಕಣ್ಣಿಗೆ ಕಾಣದಷ್ಟು ಪುಡಿ ಉದುರ್ತಾನೇ ಇರ್ತದೆ. ಬಾವಿ ತಳದಲ್ಲಿ ಅಲುಗಾಡದೆ ಬಿದ್ದಿದ್ದ ಒಡವೆಗೆ ಆ ಕಾಟ ಇರಲಿಲ್ಲ.

ಬಂಗಾರವನ್ನು ಕರಗಿಸೋ ದ್ರವ ಒಂದಿದೆ, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೈಟ್ರಿಕ್ ಆಸಿಡ್ ಒಂದು ಪಾಲು, ಹೈಡ್ರೋಕ್ಲೋರಿಕ್ ಆಸಿಡ್ ಮೂರು ಪಾಲು ಸೇರಿದರೆ ಆಗೋ ಮಿಶ್ರಣಕ್ಕೆ ಆಕ್ವಾ ರೇಜಿಯಾ ಅಂತಾರೆ, ಅಂದರೆ ರಾಜನ ನೀರು. ಒಂಟಿಯಾಗಿ ಎರಡೂ ಆಸಿಡ್ ಬಂಗಾರವನ್ನು ಏನೂ ಮಾಡಲ್ಲ. ಒರೆಗಲ್ಲಿನ ಮೇಲೆ ಗೆರೆ ಎಳೆದು ನೈಟ್ರಿಕ್ ಆಸಿಡ್ ಹಚ್ಚೋದು ಇದಕ್ಕೇ. ತಾಮ್ರದ ಗೆರೆ ಅಳಿಸಿ ಹೋಗ್ತದೆ, ಬಂಗಾರದ ಗೆರೆ ಉಳೀತದೆ. ಎರಡೂ ಆಸಿಡ್ ಸೇರಿದರೆ ಮಾತ್ರ ಬಂಗಾರ ಸಕ್ಕರೆ ಥರ ಕರಗ್ತದೆ.

1940ರಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕ್‌ಗೆ ನುಗ್ಗಿದಾಗ ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕ ಇದ್ದವು, ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರವು. ದೇಶದಿಂದ ಬಂಗಾರ ಹೊರಗೆ ಕಳಿಸೋದು ಹಿಟ್ಲರ್ ಕಾಲದ ಜರ್ಮನಿಯಲ್ಲಿ ದೊಡ್ಡ ಅಪರಾಧ. ಪದಕದ ಮೇಲೆ ಹೆಸರು ಬೇರೆ ಕೆತ್ತಿರ್ತದೆ. ಜಾರ್ಜ್ ಹೆವೆಶಿ ಅನ್ನೋ ರಸಾಯನ ವಿಜ್ಞಾನಿ ಎರಡನ್ನೂ ಇದೇ ರಾಜನ ನೀರಲ್ಲಿ ಕರಗಿಸಿ, ಬಾಟಲಿಯನ್ನು ಕಪಾಟಿನಲ್ಲಿ ಇಟ್ಟರು. ಸೈನಿಕರು ಹುಡುಕಿದರು, ಬಾಟಲಿ ಯಾರೂ ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ದ್ರವದಿಂದ ಬಂಗಾರ ವಾಪಸ್ ತೆಗೆದು ಸ್ವೀಡನ್‌ಗೆ ಕಳಿಸಿದರು, ನೊಬೆಲ್ ಸಂಸ್ಥೆ ಹೊಸದಾಗಿ ಪದಕ ಎರಕ ಹೊಯ್ಯಿಸಿ ಕೊಟ್ಟಿತು. ನನಗೆ ಕೇಳಿದರೆ ಮನಿ ಹೈಸ್ಟ್‌ಗಿಂತ ಈ ಕಥೆಯೇ ಚೆಂದ.

ಈ ಆಸಿಡ್ ಕಥೆ ನಮಗೆ ಯಾಕೆ ಅಂದರೆ, ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿಗೆ "ಅಕ್ಕಾ, ಬಂಗಾರ ಪಾಲಿಶ್ ಮಾಡಿಕೊಡ್ತೀವಿ" ಅಂತ ಮನೆ ಬಾಗಿಲಿಗೆ ಬರೋರು ಇರ್ತಾರೆ. ಅವರ ಬಟ್ಟಲಲ್ಲಿರೋದು ಇದೇ ಜಾತಿಯ ದ್ರವ. ಸರ ಅದ್ದಿ ತೆಗೆದರೆ ಫಳಫಳ ಹೊಳೀತದೆ, ನೀವು ಖುಷಿಯಾಗಿ ಐವತ್ತು ರೂಪಾಯಿ ಕೊಡ್ತೀರಿ. ಸರದ ಮೇಲ್ಪದರದ ಒಂದೆರಡು ಗ್ರಾಂ ಬಟ್ಟಲಲ್ಲೇ ಉಳಿದಿರ್ತದೆ. ಅವರು ಅದನ್ನು ಒಯ್ದು ಬಂಗಾರ ಬೇರೆ ಮಾಡಿಕೊಳ್ತಾರೆ. ಬಾವಿ ತಿಂಗಳುಗಟ್ಟಲೆ ಮಾಡದ ಕೆಲಸವನ್ನು ಆ ಬಟ್ಟಲು ಐದು ನಿಮಿಷದಲ್ಲಿ ಮಾಡ್ತದೆ. ಪಾಲಿಶ್ ಬೇಕಿದ್ದರೆ ಗೊತ್ತಿರೋ ಅಂಗಡಿಗೆ ಹೋಗಿ, ಕೊಡುವ ಮುಂಚೆ ಮತ್ತು ಮೇಲೆ ಎದುರಿಗೇ ತೂಗಿಸಿ.

ಟೀ ಅಂಗಡಿಯಲ್ಲಿ ಇನ್ನೊಂದು ವಾದ ನಡೀತು. 17 ಕೆ.ಜಿ. ಬಂಗಾರ ಅಂದರೆ ಎಷ್ಟು ಮೂಟೆ? ಒಬ್ಬರು ಗೊಬ್ಬರದ ಚೀಲದಷ್ಟು ಅಂದರು. ಲೆಕ್ಕ ಹಾಕಿದರೆ ನಗು ಬರ್ತದೆ. ಬಂಗಾರ ನೀರಿಗಿಂತ 19 ಪಟ್ಟಿಗೂ ಜಾಸ್ತಿ ಭಾರ, 22 ಕ್ಯಾರೆಟ್ಟಿನದು ಸುಮಾರು 17.7 ಪಟ್ಟು. ಅಂದರೆ ಆ 17.7 ಕೆ.ಜಿ.ಯನ್ನು ಕರಗಿಸಿದರೆ ಸುಮಾರು ಒಂದು ಲೀಟರ್! ಬಿಸ್ಲೇರಿ ಬಾಟಲಿ ತುಂಬ್ತದೆ ಅಷ್ಟೇ. ಅಷ್ಟು ಜನರ ತಾಳಿ, ಬಳೆ, ಬೆಂಡೋಲೆ, ಬೋರ್‌ವೆಲ್ ಕೊರೆಸೋಕೆ ಇಟ್ಟಿದ್ದು, ಮೆಕ್ಕೆಜೋಳದ ಬೀಜ ಗೊಬ್ಬರಕ್ಕೆ ಇಟ್ಟಿದ್ದು, ಮಗಳ ಕಾಲೇಜು ಫೀಸಿಗೆ ಇಟ್ಟಿದ್ದು, ಎಲ್ಲ ಸೇರಿ ಒಂದು ಬಾಟಲಿ. ಎತ್ತೋಕೆ ಹೋದರೆ ಮಾತ್ರ ಖಾಲಿ ಗ್ಯಾಸ್ ಸಿಲಿಂಡರ್‌ಗಿಂತ ಭಾರ. ಒಡವೆಯಾಗಿದ್ದಾಗ ನಡುವೆ ಗಾಳಿ ಇರೋದರಿಂದ ಜಾಸ್ತಿ ಜಾಗ ಹಿಡೀತದೆ, ಆದರೂ ಗೊಬ್ಬರದ ಚೀಲದ ಹತ್ತಿರಕ್ಕೂ ಬರಲ್ಲ.

ಮನಿ ಹೈಸ್ಟ್ ನೋಡಿದವರಿಗೆ ಇಲ್ಲಿ ಒಂದು ದೃಶ್ಯ ನೆನಪಾಗಬೇಕು. ಸ್ಪೇನ್ ದೇಶದ ಆ ಸೀರೀಸ್ 2017ರಲ್ಲಿ ಶುರುವಾಗಿ 2021ರಲ್ಲಿ ಮುಗೀತು. ಮೂರನೇ ಭಾಗದಿಂದ ಬ್ಯಾಂಕ್ ಆಫ್ ಸ್ಪೇನ್ ದರೋಡೆ. ಅಲ್ಲೂ ಬಂಗಾರ ಇರೋದು ನೀರು ತುಂಬುವ ಕೋಣೆಯಲ್ಲಿ, ಮುಳುಗಿ ಎತ್ತಿ ತರ್ತಾರೆ, ಆಮೇಲೆ ಕರಗಿಸಿ ಸಣ್ಣ ಕಾಳು ಮಾಡ್ತಾರೆ. ಬಂಗಾರಕ್ಕೆ ನೀರಿಂದಲೂ ಬೆಂಕಿಯಿಂದಲೂ ಏನೂ ಆಗಲ್ಲ ಅನ್ನೋ ಒಂದೇ ಗುಣದ ಮೇಲೆ ಆ ಕಥೆ ನಿಂತಿದೆ. ಆದರೆ ಅಲ್ಲಿ ಬಂಗಾರ ಅಂದರೆ ಸರ್ಕಾರದ ಗಟ್ಟಿಗಳು, ಯಾರ ಹೆಸರೂ ಇಲ್ಲದ್ದು. ಕಳ್ಳರ ಮೇಲೆ ನಮಗೆ ಪ್ರೀತಿ ಬರೋಕೆ ಅದೂ ಒಂದು ಕಾರಣ. ನ್ಯಾಮತಿಯಲ್ಲಿ ಹೋಗಿದ್ದು ಇಂಥ ಮನೆಯ ಇಂಥವರ ಸರ ಅಂತ ಗೊತ್ತಿತ್ತು. ಆ ಸೋಮವಾರ ಬ್ಯಾಂಕ್ ಮುಂದೆ ನಿಂತಿದ್ದವರ ಮುಖ ಯಾವ ಸೀರೀಸ್‌ನಲ್ಲೂ ತೋರಿಸಲ್ಲ.

ಖಾರದ ಪುಡಿ ವಿಷಯ ಬಾಕಿ ಇದೆ. ಪೊಲೀಸ್ ನಾಯಿಗೆ ವಾಸನೆ ಸಿಗಬಾರದು, ಸಾಕ್ಷಿ ಉಳೀಬಾರದು ಅಂತ ಬ್ಯಾಂಕ್ ಒಳಗೆ ಖಾರದ ಪುಡಿ ಚೆಲ್ಲಿದ್ದರು. ಖಾರ ಅನ್ನೋದು ವಾಸನೆಯೂ ಅಲ್ಲ, ನಿಜ ಹೇಳಬೇಕಂದರೆ ರುಚಿಯೂ ಅಲ್ಲ. ಅದು ನೋವು. ನಮ್ಮ ಬಾಯಿ, ಮೂಗು, ಕಣ್ಣಿನ ನರಗಳಲ್ಲಿ ಸುಮಾರು 43 ಡಿಗ್ರಿ ದಾಟಿದ ಬಿಸಿ ತಗುಲಿದರೆ 'ಸುಡ್ತಿದೆ' ಅಂತ ಮಿದುಳಿಗೆ ಹೇಳೋ ಒಂದು ಬಾಗಿಲಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಂದು ಅದೇ ಬಾಗಿಲು ತೆಗೀತದೆ. ಬಿಸಿ ಇಲ್ಲದಿದ್ದರೂ ಉರಿ ಅನ್ನಿಸೋದು ಅದಕ್ಕೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಾಯಿಗೂ ಆ ಬಾಗಿಲಿದೆ, ಮೂಗು ನೆಲಕ್ಕೆ ಹಚ್ಚಿ ಎಳೆದರೆ ಸೀನು, ಉರಿ ಎಲ್ಲ ಬರ್ತದೆ. ಹಕ್ಕಿಗಳ ಬಾಗಿಲು ಮಾತ್ರ ಕ್ಯಾಪ್ಸೈಸಿನ್‌ಗೆ ತೆಗೆಯಲ್ಲ. ಹಿತ್ತಲಲ್ಲಿ ಗಿಳಿ ಸೂಜಿ ಮೆಣಸಿನಕಾಯಿಯನ್ನು ಹಣ್ಣಿನಂಗೆ ತಿಂದು ಹೋಗೋದು ನೋಡಿ. ಬೀಜ ಜಗಿಯದೆ ನುಂಗಿ ದೂರದಲ್ಲಿ ಬೀಳಿಸೋ ಹಕ್ಕಿ ಗಿಡಕ್ಕೆ ಬೇಕು, ಜಗಿದು ಹಾಳು ಮಾಡೋ ಪ್ರಾಣಿ ಬೇಡ. ಇನ್ನು ನಾಯಿ ಮೂಗಿಗೆ ಕಾಟ ಕೊಟ್ಟು ಆಗಿದ್ದೇನು? ತನಿಖೆ ನಾಯಿ ಮೂಗೊಂದರ ಮೇಲೇ ನಿಂತಿರಲ್ಲ.

ಬಂಗಾರ ಕೆಡಲ್ಲ ಸರಿ, ಆದರೆ ಅಷ್ಟು ಒಡವೆಯಲ್ಲಿ ನಮ್ಮದು ಯಾವುದು ಅಂತ ಹೇಳೋದು ಹೇಗೆ? ಇದಕ್ಕೆ ಕೆಮಿಸ್ಟ್ರಿ ಪುಸ್ತಕದಲ್ಲಿ ಉತ್ತರ ಇಲ್ಲ, ಕಾಗದದಲ್ಲಿದೆ. 2024ರ ಜುಲೈನಿಂದ ಜಾರಿಯಲ್ಲಿರೋ ಬಿಎನ್‌ಎಸ್‌ಎಸ್ ಕಾನೂನಿನ 497ನೇ ಕಲಂ ಪ್ರಕಾರ, ಜಪ್ತಿಯಾದ ವಸ್ತು ಕೋರ್ಟ್ ಮುಂದೆ ಬಂದರೆ 14 ದಿನದಲ್ಲಿ ಅದರ ವಿವರ ಬರೆಸಿ, ಫೋಟೊ ಅಥವಾ ವಿಡಿಯೋ ಮಾಡಿಸಬೇಕು. ಆಮೇಲೆ 30 ದಿನದಲ್ಲಿ ಅದನ್ನು ಏನು ಮಾಡಬೇಕು ಅಂತ ಕೋರ್ಟ್ ಆದೇಶ ಕೊಡಬೇಕು. ಸಾಕ್ಷಿಯಾಗಿ ಆ ಫೋಟೊ ನಡೀತದೆ. ಅಲ್ಲಿ ನಿಮ್ಮ ಪರ ಮಾತಾಡೋದು ಅಡ ಇಟ್ಟಾಗ ಕೊಟ್ಟ ಚೀಟಿ, ಅದರಲ್ಲಿರೋ ತೂಕ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿಯಮ ಮಾಡಿದೆ. ಬಂಗಾರದ ಮೇಲೆ ಸಾಲ ಕೊಡುವ ಬ್ಯಾಂಕ್, ಫೈನಾನ್ಸ್‌ಗಳು ಒಡವೆಯ ಕ್ಯಾರೆಟ್, ಒಟ್ಟು ತೂಕ, ಹರಳು ಕಳೆದ ತೂಕ, ಒಡವೆಯ ಚಿತ್ರ ಎಲ್ಲ ಇರೋ ಪ್ರಮಾಣಪತ್ರ ಮಾಡಬೇಕು, 2026ರ ಏಪ್ರಿಲ್ 1ರೊಳಗೆ ಇದನ್ನು ಪಾಲಿಸಬೇಕು ಅಂತ ಗಡುವು ಕೊಟ್ಟಿತ್ತು. ಅದನ್ನು ಕೇಳಿ ತಗೊಳ್ಳಿ. ಕೊಡುವ ಮುಂಚೆ ನಿಮ್ಮ ಮೊಬೈಲಲ್ಲೂ ಹಿಂದೆ ಮುಂದೆ ಎರಡು ಫೋಟೊ ತೆಗೆದಿಡಿ, ಖರ್ಚೇನಿಲ್ಲ. 2023ರ ಏಪ್ರಿಲ್ ನಂತರ ಅಂಗಡಿಯಲ್ಲಿ ಕೊಂಡಿದ್ದಾದರೆ ಒಡವೆ ಮೇಲೆ ಎಚ್‌ಯುಐಡಿ ಅನ್ನೋ ಆರು ಅಕ್ಷರ-ಅಂಕಿಯ ಗುರುತು ಇರಬೇಕು. ಒಂದು ಒಡವೆಯ ನಂಬರ್ ಇನ್ನೊಂದಕ್ಕಿರಲ್ಲ. ಬಿಎಲ್‌ ಜೊತೆ ಅದನ್ನೂ ಬರೆದಿಟ್ಟುಕೊಂಡರೆ ಒಳ್ಳೇದು. ಅಜ್ಜಿ ಕಾಲದ ಒಡವೆಗೆ ಇದ್ಯಾವುದೂ ಇರಲ್ಲ, ಅದಕ್ಕೆ ಫೋಟೊ, ತೂಕವೇ ದಾರಿ.

ಇದನ್ನೆಲ್ಲ ಓದಿ ಹೇಳಿದ ಮೇಲೆ ಅಮ್ಮ ಬೀರು ತೆಗೆದು ತಮ್ಮ ಸರದ ಹಳೇ ಚೀಟಿ ಹುಡುಕಿದರು. ಹದಿನಾಲ್ಕು ವರ್ಷದ ಹಿಂದೆ ಕೊಂಡಿದ್ದು, ಚೀಟಿಯಲ್ಲಿ 24 ಗ್ರಾಂ. ಪರಿಚಯದ ಬಂಗಾರದ ಅಂಗಡಿಗೆ ಹೋಗಿ ತಕ್ಕಡಿಗೆ ಹಾಕಿಸಿದೆವು. 23.6 ತೋರಿಸ್ತು. ಅಮ್ಮ ತಕ್ಕಡಿಯನ್ನೇ ನೋಡ್ತಾ ನಿಂತರು.

"ಇದು ಯಾವ ಬಾವಿಗೂ ಬಿದ್ದಿರಲಿಲ್ವಲ್ಲೋ" ಅಂದರು.